ವಿದ್ಯಾರ್ಥಿಯೂ ಪರದೇಶದ ಊರೂ

ಪ್ರತಿವರ್ಷವೂ ಪರೀಕ್ಷೆಗಳು ಮುಗಿಯುವ ವೇಳೆಗೆ, ಪರದೇಶದ ವಿಶ್ವವಿದ್ಯಾನಿಲಯಗಳಿಗೆ ಶಿಫಾರಸು ಪತ್ರವನ್ನು ಬೇಡಿ ಕೆಲವರು ವಿದ್ಯಾರ್ಥಿಗಳು ನಮ್ಮಲ್ಲಿಗೆ ಬರುತ್ತಾರೆ. ಆ ವಿಶ್ವವಿದ್ಯಾನಿಲಯಗಳಲ್ಲಿ ಯಾವುದು ಮೊದಲನೆಯದು, ಯಾವುದು ಹತ್ತನೆಯದು ಎಂಬುದು ಅವರಿಗೆ ಕಂಠಪಾಠವಾಗಿರುತ್ತದೆ. ಅದು ಇರುವ ಊರು ಎಂತಹುದೆಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಪಾಠಗಳಿಗೆ ಸಲ್ಲುವುದು ದಿನಕ್ಕೆ ನಾಲ್ಕೈದು ಗಂಟೆ. ಮಿಕ್ಕ ಹೊತ್ತೆಲ್ಲ ಊರಿಗೆ ಸೇರಿದ್ದು. ಹೆಣ್ಣು ಕೊಡುವಾಗ ವರನನ್ನು ನೋಡಿ, ಮನೆಯನ್ನು ನೋಡದೆ ಹಿಂದಿರುಗುವವರುಂಟೆ? ಆದುದರಿಂದ ಊರನ್ನು ಆರಿಸುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ದೃಷ್ಟಾಂತಕ್ಕೆ ಜರ್ಮನಿ ದೇಶವನ್ನು ತೆಗೆದುಕೊಳ್ಳೋಣ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಪಾಲಿನವು ಬೋಧನಾಶುಲ್ಕವನ್ನು ಕೇಳುವುದಿಲ್ಲ. ಅಪವಾದಗಳುಂಟು: ಹೈಡೆಲ್‌ಬರ್ಗ್, ಟ್ಯೂಬಿಂಗೆನ್ ಮೊದಲಾದ ಊರುಗಳಿರುವ ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ, ಯೂರೋಪಿನ ಒಕ್ಕೂಟದ ಹೊರಗಿನವರಿಗೆ ಆರು ತಿಂಗಳಿಗೆ ೧,೫೦೦ ಯೂರೋ ಶುಲ್ಕವನ್ನು ೨೦೧೭ರಲ್ಲಿ ವಿಧಿಸಿದರು, ಮ್ಯೂನಿಕ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯವೂ ೨೦೨೪ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಆದರೂ ಒಟ್ಟಿನಲ್ಲಿ ಅಲ್ಲಿ ಓದಿನ ಬೆಲೆ ಕಡಮೆ, ವಾಸದ ಬೆಲೆ ಹೆಚ್ಚು. ಊರನ್ನು ಆರಿಸುವುದೆಂದರೆ ಖರ್ಚನ್ನು ಆರಿಸುವುದೆಂದೇ ಅರ್ಥ.

ಮೊದಲು ವಿಚಾರಿಸತಕ್ಕುದು ಕೊಠಡಿಯನ್ನು. ವೀಸಾ ದೊರೆಯಬೇಕಾದರೆ ಒಂದು ವರ್ಷದ ಜೀವನಕ್ಕೆ ಸಾಲುವಷ್ಟು ಹಣವನ್ನು ಮುಂದಾಗಿ ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದಂತೆ ಈ ಮೊತ್ತ ೧೧,೯೦೪ ಯೂರೋ, ತಿಂಗಳಿಗೆ ೯೯೨. ನಿಯಮಕ್ಕೆ ಎಲ್ಲ ಊರೂ ಒಂದೇ. ಮನೆಯ ಯಜಮಾನನಿಗೆ ಹಾಗಲ್ಲ. ಮ್ಯೂನಿಕ್‌ನಲ್ಲಿ, ನಾಲ್ವರು ಹಂಚಿಕೊಂಡ ಮನೆಯ ಒಂದು ಕೊಠಡಿಗೇ ಈ ಹಣದ ಅರ್ಧಕ್ಕಿಂತ ಹೆಚ್ಚು ಹೋಗುವುದು ಸಾಮಾನ್ಯ. ಪೂರ್ವಭಾಗದ ಕೆಮ್ನಿಟ್ಸ್‌ನಲ್ಲಿ ಮೂರರಲ್ಲೊಂದು ಪಾಲಿಗೇ ಕೊಠಡಿ ಸಿಕ್ಕುವುದುಂಟು.

ಇದನ್ನು ನಾವು ತಡವಾಗಿ ಕಲಿತೆವು. ನಮ್ಮ ಶಿಷ್ಯನೊಬ್ಬನು, ತಂದೆ ಹೊಲವನ್ನು ಅಡವಿಟ್ಟು ತಂದ ಹಣದಲ್ಲಿ ಮ್ಯೂನಿಕ್‌ಗೆ ಹೋದನು. ಎಂಟು ತಿಂಗಳಲ್ಲಿ ಐದು ಕೊಠಡಿಗಳನ್ನು ಬದಲಾಯಿಸಿದನು. ರಾತ್ರಿಯ ಹೊತ್ತು ಉಗ್ರಾಣವೊಂದರಲ್ಲಿ ಪೆಟ್ಟಿಗೆ ಹೊತ್ತನು. ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಲಿಲ್ಲ. ಮನೆಗೆ ಮಾತ್ರ ಕ್ಷೇಮವೆಂದೇ ತಿಳಿಸುತ್ತಿದ್ದನು. ಊರಿಗೆ ಬಂದಾಗ ನಮ್ಮ ಮುಂದೆ ಕುಳಿತು ಇದನ್ನೆಲ್ಲ ಹೇಳಿದನು. ಅವನ ಬುದ್ಧಿಯನ್ನು ಹೊಗಳಿ ನಾವು ಎರಡು ಪುಟ ಬರೆದುಕೊಟ್ಟಿದ್ದೆವು. ಎಲ್ಲಿ ಮಲಗುವೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕೊಠಡಿಯ ಜೊತೆಗೆ ಕಾಗದಪತ್ರದ ವಿಷಯವೂ ಸೇರಿದೆ. ಮನೆಗೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವನ ಲಿಖಿತ ಹೇಳಿಕೆ ಬೇಕು. ಅದನ್ನು ಕೊಡಲೊಲ್ಲದವನ ಕೊಠಡಿ ಅಗ್ಗವಾದರೂ ನಿಷ್ಪ್ರಯೋಜಕ. ಅಲ್ಲಿ ಬಾಡಿಗೆಯಲ್ಲಿ ‘ತಣ್ಣನೆಯದು’, ‘ಬೆಚ್ಚನೆಯದು’ ಎಂದು ಎರಡು ಬಗೆ. ಕಾವು, ನೀರು ಮೊದಲಾದ ವೆಚ್ಚಗಳು ಎರಡನೆಯದರಲ್ಲಿ ಮಾತ್ರ ಸೇರಿರುತ್ತವೆ. ಮುಂಗಡವು ತಣ್ಣನೆಯ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರಕೂಡದೆಂದು ಕಾನೂನಿದೆ. ಕೊಠಡಿಯನ್ನು ಕಾಣುವ ಮೊದಲೇ ಹಣವನ್ನು ಕಳುಹಿಸುವುದು ಅಪಾಯಕರ. ವಿದ್ಯಾರ್ಥಿನಿಲಯಕ್ಕೆ, ಪ್ರವೇಶಪತ್ರ ಕೈಸೇರಿದ ದಿನವೇ ಅರ್ಜಿ ಹಾಕುವುದು ಲೇಸು.

ಎರಡನೆಯದು ದುಡಿಮೆ ಮತ್ತು ಭಾಷೆ. ೨೦೨೪ರ ಮಾರ್ಚಿಯ ಕಾನೂನಿನಂತೆ ನಮ್ಮ ವಿದ್ಯಾರ್ಥಿಗಳು ವರ್ಷಕ್ಕೆ ೧೪೦ ಪೂರ್ಣದಿನ ದುಡಿಯಬಹುದು. ಬರ್ಲಿನ್, ಮ್ಯೂನಿಕ್‌ಗಳಂತಹ ಮಹಾನಗರಗಳಲ್ಲಿ ಇಂಗ್ಲಿಷಿನಿಂದಲೂ ಕೆಲಸ ದೊರೆತೀತು. ಸಣ್ಣ ಊರಿನಲ್ಲಿ ಜರ್ಮನ್ ಭಾಷೆ ಬಾರದೆ ನಡೆಯದು. ಆದರೆ ರೊಟ್ಟಿಯಂಗಡಿಯವನೊಡನೆ ದಿನವೂ ಮಾತನಾಡಬೇಕಾದವನಿಗೆ ಆ ಭಾಷೆ ಬೇಗ ಬರುತ್ತದೆಂಬುದೂ ನಿಜ.

ಮೂರನೆಯದು ಒಂಟಿತನ. ಡಿಸೆಂಬರಿನಲ್ಲಿ ಬರ್ಲಿನ್‌ನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಅಂತಹ ಸಂಜೆಗಳಲ್ಲಿ, ನಡೆದುಹೋಗುವಷ್ಟು ದೂರದಲ್ಲಿ ಒಬ್ಬ ಸ್ನೇಹಿತನಿರುವುದು ಸಣ್ಣ ಭಾಗ್ಯವಲ್ಲ. ೧೪೭೭ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಟ್ಯೂಬಿಂಗೆನ್‌ನ ಜನಸಂಖ್ಯೆ ಲಕ್ಷವನ್ನು ಮುಟ್ಟುವುದಿಲ್ಲ. ಬೀದಿಯಲ್ಲಿ ಎಲ್ಲಿ ನೋಡಿದರೂ ವಿದ್ಯಾರ್ಥಿಗಳೇ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಆ ಚಿಕ್ಕ ಊರಿನಲ್ಲಿಯೇ. ಕನ್ನಡಕ್ಕೆ ಅವನು ಸಲ್ಲಿಸಿದ ಸೇವೆಗಾಗಿ ೧೮೫೮ರಲ್ಲಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದ್ದೂ ಅದೇ ವಿದ್ಯಾಲಯ.

ಮ್ಯೂನಿಕ್ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಮೋಟಾರು ಯಂತ್ರಗಳನ್ನು ಅಭ್ಯಸಿಸುವವನಿಗೆ ಅಲ್ಲಿನ ಕಾರ್ಖಾನೆಗಳೇ ಎರಡನೆಯ ಪಾಠಶಾಲೆ. ಕೈಯಲ್ಲಿ ಅನುಕೂಲವಿದ್ದರೆ ಹೋಗಲಿ. ಸಾಲದ ಹಣದಲ್ಲಿ ಹೋಗುವವನು ಮಾತ್ರ ಹತ್ತು ಸ್ಥಾನ ಕೆಳಗಿನ ವಿದ್ಯಾಲಯವನ್ನೂ, ನೆಮ್ಮದಿಯಾಗಿ ನಿದ್ರಿಸಬಲ್ಲ ಊರನ್ನೂ ಆರಿಸಿದರೆ ಅದನ್ನು ಸೋಲೆಂದು ಹಿರಿಯರು ಎಣಿಸಬಾರದು. ಶಿಫಾರಸು ಪತ್ರಕ್ಕೆ ಬರುವವರನ್ನು ನಾವು ಈಗ ಮೊದಲು ಕೇಳುವುದು ಕೊಠಡಿಯ ಬಾಡಿಗೆಯನ್ನು. ಅಂಕಗಳನ್ನು ಕೇಳುವುದು ಆಮೇಲೆ.