ಮೈಮೇಲೆ ಎರಗುವ ಹುಂಜ

ಹಿತ್ತಿಲಲ್ಲಿ ಹತ್ತು ಹನ್ನೆರಡು ಕೋಳಿ ಸಾಕುವ ರೈತರು ಹುಂಜದ ಹಾವಳಿಯನ್ನು ತಮಾಷೆಯೆಂದು ತಿಳಿಯುವುದುಂಟು. ಆದರೆ ಅದು ನೆಗೆದು ಒದೆಯುವ ಎತ್ತರದಲ್ಲೇ ಇರುತ್ತದೆ ಪುಟ್ಟ ಮಗುವಿನ ಮುಖ. ನಮ್ಮ ನೆರೆಯ ಮಗುವೊಂದಕ್ಕೆ ಹುಂಜದ ಕಾಲಿನ ಮುಳ್ಳು ತಗುಲಿ ಗಾಯವಾದದ್ದು ಕಣ್ಣಿನಿಂದ ಬೆರಳಗಲ ಕೆಳಗೆ.

ಐದಾರು ತಿಂಗಳಿಗೆ ಪ್ರಾಯಕ್ಕೆ ಬಂದ ಹುಂಜ ಹೇಂಟೆಗಳ ಬಳಿ ಸುಳಿದವರನ್ನೆಲ್ಲ ಎದುರಾಳಿಯೆಂದೇ ಎಣಿಸಬಹುದು. ಅದನ್ನು ಒದ್ದರೆ ಕಾಳಗಕ್ಕೆ ಕರೆದಂತೆ. ಬೆನ್ನು ತಿರುಗಿಸಿ ಓಡಿದರೆ ಮರುದಿನ ಮತ್ತೆ ಬರುತ್ತದೆ. ಮೊರವನ್ನೋ ಬುಟ್ಟಿಯನ್ನೋ ಅಡ್ಡ ಹಿಡಿದು, ಅದು ತಾನಾಗಿ ಹಿಂಜರಿಯುವವರೆಗೆ ಕದಲದೆ ನಿಲ್ಲಬೇಕು.

ಎಂಟು ಹತ್ತು ಹೇಂಟೆಗಳಿಗೆ ಒಂದೇ ಹುಂಜ ಸಾಕು. ಮುಳ್ಳಿನ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದವರೆಗೆ ಹೋದರೆ ರಕ್ತ ಸುರಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸಾರಿನ ಪಾತ್ರೆಗೆ ಕಳುಹಿಸುವುದೇ ಲೇಸು. ಮಕ್ಕಳಿರುವ ಇನ್ನೊಂದು ಮನೆಗೆ ಮಾರಬೇಡಿ. ಈ ಗುಣ ಸ್ವಲ್ಪಮಟ್ಟಿಗೆ ತಳಿಯಲ್ಲೇ ಇಳಿದುಬರುವುದರಿಂದ ಅದರ ಮರಿ ಮಾಡಿಸಲೂಬಾರದು. ಹುಂಜ ಹೋದ ಮೇಲೂ ಎರಡು ಮೂರು ವಾರ ಹೇಂಟೆಗಳು ಅದರಿಂದ ಫಲಿತವಾದ ಮೊಟ್ಟೆ ಇಡಬಹುದು. ಅವನ್ನು ಕಾವಿಗಿಡದೆ ಅಡುಗೆಗೆ ಬಳಸಿರಿ. ಹುಂಜವಿಲ್ಲವೆಂದು ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸದು.