ನಿಂತುಹೋದ ವೈಪರಿನ ನಾಡಿ ಪರೀಕ್ಷೆ

ಆಷಾಢದ ಒಂದು ಸಂಜೆ ಕಾರವಾರದಿಂದ ಅಂಕೋಲೆಯತ್ತ ಕಾರೊಂದು ಹೊರಟಿದೆಯೆಂದು ಊಹಿಸಿಕೊಳ್ಳಿ. ಬಿಣಗಾ ದಾಟಿ ಅಮದಳ್ಳಿಯ ಕಡೆಗೆ ಸಾಗುವಷ್ಟರಲ್ಲಿ ಮಳೆ ಧಾರಾಕಾರವಾಗುತ್ತದೆ. ಎದುರಿನ ಲಾರಿ ಎರಚಿದ ಕೆಸರುನೀರು ಗಾಜಿಗೆ ಬಡಿದ ಗಳಿಗೆಯಲ್ಲಿಯೇ ವೈಪರು ನಿಂತುಬಿಟ್ಟರೆ ಗತಿಯೇನು? ಹಿಂದೆ ಮಡದಿ ಮಕ್ಕಳು ಕುಳಿತಿದ್ದಾರೆ; ಮುಂದೆ ರಸ್ತೆಯೇ ಕಾಣದು.

ಅಮೆರಿಕದ ಮೇರಿ ಆಂಡರ್ಸನ್ ಎಂಬ ಮಹಿಳೆ 1903ರಲ್ಲಿ ಪೇಟೆಂಟ್ ಪಡೆದ ವೈಪರನ್ನು ಒಳಗಿನಿಂದ ಕೈಯಲ್ಲಿ ಎಳೆದಾಡಿಸಬೇಕಾಗಿತ್ತು. ಬಳಿಕ ಎಂಜಿನ್ನಿನ ಗಾಳಿಯ ಸೆಳೆತದಿಂದ ನಡೆಯುವ ವೈಪರುಗಳು ಬಂದವು. ಏರಿನಲ್ಲಿ ಎಂಜಿನ್ನು ದಣಿದಾಗ ಅವೂ ನಿಧಾನವಾಗುತ್ತಿದ್ದವು. ಅನಂತರ ವಿದ್ಯುತ್ ಮೋಟಾರು ಬಂದಿತು. ಇಂದಿನ ಅನೇಕ ಕಾರುಗಳಲ್ಲಿಯಂತೂ ಸ್ವಿಚ್ಚು ಮೋಟಾರಿಗೆ ನೇರವಾಗಿ ವಿದ್ಯುತ್ತನ್ನು ಕೊಡುವುದಿಲ್ಲ. ಅದು ಕಾರಿನೊಳಗಿನ ಒಂದು ಪುಟ್ಟ ಕಂಪ್ಯೂಟರಿಗೆ ಕೋರಿಕೆಯನ್ನು ಸಲ್ಲಿಸುತ್ತದೆ. ಮೋಟಾರಿಗೆ ಅಪ್ಪಣೆ ಹೋಗುವುದು ಆ ಕಂಪ್ಯೂಟರಿನಿಂದ.

ಯಂತ್ರದೊಡನೆ ಮಾತುಕತೆ

ಈ ಕಂಪ್ಯೂಟರಿನೊಡನೆ ಮಾತನಾಡುವ ಸಾಧನವೇ ಸ್ಕ್ಯಾನರ್. ಸ್ಟಿಯರಿಂಗಿನ ಕೆಳಗಿರುವ ಹದಿನಾರು ಪಿನ್ನುಗಳ ಕಿಂಡಿಗೆ ಅದನ್ನು ಸಿಕ್ಕಿಸುತ್ತಾರೆ. ಎಂಜಿನ್ನಿನ ಹೊಗೆಯ ಪರೀಕ್ಷೆಗೆಂದು ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ವ್ಯವಸ್ಥೆಯಿದು. ಆದುದರಿಂದ ಎಂಜಿನ್ನಿನ ಸುದ್ದಿಯನ್ನಷ್ಟೇ ಓದಬಲ್ಲ ಅಗ್ಗದ ಸ್ಕ್ಯಾನರಿಗೆ ವೈಪರಿನ ವಿಚಾರ ತಿಳಿಯದು. ಕಾರಿನ ‘ಬಾಡಿ’ ವಿಭಾಗವನ್ನೂ ಓದುವಂಥದು ಬೇಕು.

ಪರದೆಯ ಮೇಲೆ ‘ಬಿ’ ಅಕ್ಷರದಿಂದ ಆರಂಭವಾಗುವ ಸಂಕೇತ ಬಂದರೆ ದೋಷ ಬಾಡಿ ವಿಭಾಗದ್ದು. ‘ಯು’ ಬಂದರೆ ಕಂಪ್ಯೂಟರುಗಳ ನಡುವಣ ಸಂಪರ್ಕದ್ದು. ಆದರೆ ಸಂಕೇತವು ದೋಷವಿರುವ ಓಣಿಯನ್ನು ತೋರಿಸುತ್ತದೆಯೇ ಹೊರತು ಮನೆಯ ನಂಬರನ್ನು ಹೇಳುವುದಿಲ್ಲ. ಅದನ್ನು ನೋಡಿದೊಡನೆಯೇ ಹೊಸ ಮೋಟಾರು ಕೊಳ್ಳುವುದು ದುಂದುವೆಚ್ಚ.

ನುರಿತ ಮೆಕ್ಯಾನಿಕ್ ಮುಂದೆ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ಸ್ವಿಚ್ಚನ್ನು ತಿರುಗಿಸಿದಾಗ ಆ ಕೋರಿಕೆ ಪರದೆಯ ಮೇಲೆ ಮೂಡುತ್ತದೆಯೆ? ಮೂಡದಿದ್ದರೆ ಸ್ವಿಚ್ಚನ್ನೂ ಅದರ ತಂತಿಯನ್ನೂ ನೋಡಬೇಕು. ಎರಡನೆಯದಾಗಿ, ಸ್ಕ್ಯಾನರಿನಿಂದಲೇ ಅಪ್ಪಣೆ ಕಳುಹಿಸಿದರೆ ವೈಪರು ಓಡುತ್ತದೆಯೆ? ಓಡಿದರೆ ಮೋಟಾರು ನಿರ್ದೋಷಿ. ಓಡದಿದ್ದರೆ ಫ್ಯೂಸು, ರಿಲೇ, ತಂತಿ, ಮೋಟಾರು ಇವುಗಳ ಸರದಿ.

ಉಪ್ಪುಗಾಳಿಯ ಕಿತಾಪತಿ

ಕಾರವಾರ, ಅಂಕೋಲೆಗಳಂಥ ಕಡಲತೀರದ ಊರುಗಳಲ್ಲಿ ಇನ್ನೊಂದು ಶತ್ರುವಿದೆ. ಉಪ್ಪಿನ ತೇವ ಸೇರಿ ತಂತಿಯ ಜೋಡಣೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಅರ್ತಿಂಗ್ ಸಡಿಲವಾಗುತ್ತದೆ. ಕಂಪ್ಯೂಟರು ಅಪ್ಪಣೆ ಕೊಟ್ಟೆನೆಂದು ಸ್ಕ್ಯಾನರಿನಲ್ಲಿ ಸಾಕ್ಷಿ ಹೇಳುತ್ತಿರುತ್ತದೆ, ಮೋಟಾರು ಮಾತ್ರ ಮಿಸುಕದು. ಅಪ್ಪಣೆ ಹೊರಟದ್ದಕ್ಕೂ ಬಲ ತಲುಪಿದ್ದಕ್ಕೂ ಅಂತರವಿದೆ. ಆಗ ಮೀಟರು ಹಿಡಿದು, ಸ್ವಿಚ್ಚು ಹಾಕಿದ ಸ್ಥಿತಿಯಲ್ಲಿಯೇ ಮೋಟಾರಿನ ಬಳಿ ವೋಲ್ಟೇಜನ್ನು ಅಳೆಯಬೇಕು.

ಗಾಜಿಗೆ ನೀರು ಚಿಮ್ಮಿಸುವ ವಾಷರಿನ ಕಥೆಯೂ ಹೀಗೆಯೇ. ಪಂಪಿನ ಸದ್ದು ಕೇಳಿಯೂ ನೀರು ಬಾರದಿದ್ದರೆ ಡಬ್ಬಿ ಬರಿದಾಗಿರಬಹುದು, ಕೊಳವೆ ಕಳಚಿರಬಹುದು, ಚಿಮ್ಮುವ ರಂಧ್ರದಲ್ಲಿ ಕಸ ಕಟ್ಟಿರಬಹುದು. ಸವೆದ ರಬ್ಬರು, ಸಡಿಲವಾದ ಕೈಗಳು, ಇವು ಯಾವುವೂ ಸ್ಕ್ಯಾನರಿನ ಕಣ್ಣಿಗೆ ಬೀಳುವುದಿಲ್ಲ. ಮನುಷ್ಯನ ಕಣ್ಣೂ ಕಿವಿಯೂ ಅಲ್ಲಿ ಬೇಕೇ ಬೇಕು.

ಆದುದರಿಂದ ಮೃಗಶಿರೆಯ ಮಳೆಗೆ ಮುನ್ನವೇ ವೈಪರನ್ನೂ ವಾಷರನ್ನೂ ಪರೀಕ್ಷಿಸಿಡುವುದು ಜಾಣತನ. ಮೋಟಾರು ಕೆಟ್ಟಿದೆಯೆಂದು ಗ್ಯಾರೇಜಿನವರು ಹೇಳಿದರೆ, ಸ್ಕ್ಯಾನರಿನಿಂದ ಒಮ್ಮೆ ಓಡಿಸಿ ತೋರಿಸಿರೆಂದು ವಿನಯದಿಂದ ಕೇಳಬಹುದು. ದಾರಿಯಲ್ಲಿಯೇ ವೈಪರು ನಿಂತರೆ ವೇಗವನ್ನು ತಗ್ಗಿಸಿ, ಹೆದ್ದಾರಿಯಿಂದ ಸರಿದು ನಿಲ್ಲಬೇಕು; ಆದರೆ ಗುಡ್ಡದ ಬುಡದಲ್ಲಿ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರ ಪ್ರಾಣ ಹೋದದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಬಯಲಿನಲ್ಲಿ ನಿಂತು ಮಳೆ ಇಳಿಯುವವರೆಗೆ ಕಾದರೆ ಮನೆ ಸೇರುವುದು ತುಸು ತಡವಾದೀತು, ಅಷ್ಟೆ.