ಕೂಡದ ಕಾರನ್ನು ಕೂಡಿಸುವುದು

ಅಗ್ಗದ ಪ್ಲಾಸ್ಟಿಕ್ ಮಾದರಿ ಕಾರಿನ ಪೆಟ್ಟಿಗೆಯನ್ನು ಕೊಂಡ ಮಿತ್ರರು ಮೊದಲು ಅಂಟಿಗೆ ಕೈಹಾಕುತ್ತಾರೆ. ಭಾಗಗಳು ಕೂಡದಿರಲು ಬೇಸತ್ತು ಮೂಲೆಗೆ ಎಸೆಯುತ್ತಾರೆ. ನಾನಾದರೋ ಅಂಟನ್ನು ಕೊನೆಗಿಡುತ್ತೇನೆ. ಇಪ್ಪತ್ತನಾಲ್ಕರಲ್ಲೊಂದು ಅಳತೆಯ ಮಾದರಿಯಲ್ಲಿ 1 ಮಿಲಿಮೀಟರಿನ ಸಂದೆಂದರೆ ನಿಜವಾದ ಕಾರಿನಲ್ಲಿ 24 ಮಿಲಿಮೀಟರು, ಹೆಚ್ಚುಕಡಿಮೆ ಒಂದು ಅಂಗುಲ! ಅಂಥ ಬಾಗಿಲಿನ ಕಾರನ್ನು ಯಾರು ತಾನೆ ಕೊಂಡಾರು?

ಭಾಗಗಳನ್ನು ಸಾಬೂನುನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡನ್ನು ಕಳೆಯಬೇಕು. ಇಲ್ಲವಾದರೆ ಬಣ್ಣ ನಿಲ್ಲದು. ಅನಂತರ ಅಂಟಿಲ್ಲದೆಯೇ ಜೋಡಿಸಿ, ಅಂಟುಪಟ್ಟಿಯಿಂದ ಬಿಗಿದು ನೋಡಬೇಕು. ಕಾರಿನ ಮೈ ತಳದ ಮೇಲೆ ಕೂರದಿದ್ದರೆ ದೋಷವು ಅನೇಕ ವೇಳೆ ಸಂದಿನಲ್ಲಿರುವುದಿಲ್ಲ. ಒಳಗೆಲ್ಲೋ ಆಸನದ ಅಂಚೋ, ಅಚ್ಚಿನಿಂದ ಉಳಿದ ಗುಬುಟೋ ತಡೆಯುತ್ತಿರುತ್ತದೆ. ಅದನ್ನು ಸಣ್ಣ ಅರದಿಂದ ಉಜ್ಜಿದರೆ ಸಂದು ತಾನಾಗಿಯೇ ಮುಚ್ಚುವುದುಂಟು.

ಆದರೂ ಉಳಿದ ಬಿರುಕಿಗೆ, ಭಾಗಗಳು ಹತ್ತಿಕೊಂಡು ಬಂದ ಪ್ಲಾಸ್ಟಿಕ್ ಕಡ್ಡಿಯನ್ನೇ ಚೂರುಮಾಡಿ, ಪಾಲಿಸ್ಟೈರೀನನ್ನು ಕರಗಿಸುವ ತೆಳು ಅಂಟಿನಲ್ಲಿ ನೆನೆಹಾಕಿ ಮೆತ್ತುತ್ತೇನೆ. (ಕಿಟಕಿ ತೆರೆದಿರಲಿ, ಆ ವಾಸನೆ ಒಳ್ಳೆಯದಲ್ಲ.) ಎರಡೂ ಒಂದೇ ವಸ್ತುವಾದ್ದರಿಂದ ಬೆಸುಗೆಯಂತೆ ಕೂಡುತ್ತದೆ. ಆರುವಾಗ ಕುಗ್ಗುವುದರಿಂದ ತುಸು ಹೆಚ್ಚಾಗಿಯೇ ಮೆತ್ತಿ, ಎರಡು ದಿನ ಬಿಟ್ಟು, ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು.

ಚಕ್ರದ ಅಚ್ಚುಗಳನ್ನು ಮಾತ್ರ ಕನ್ನಡಿಯ ಮೇಲಿಟ್ಟು, ನಾಲ್ಕು ಚಕ್ರಗಳೂ ತಾಗಿದುದನ್ನು ಕಂಡ ಮೇಲೆಯೇ ಅಂಟಿಸತಕ್ಕದ್ದು. ಬಣ್ಣದ ಮಾತು ಆಮೇಲೆ.